ಎಲಿಯ ಭೋಂಗಾ

ಬಾಗಲಕೋಟಿಯಿಂದ ಬಂದಾಕಿ, ಡಾಕ್ಟರ್ ಮುದಕವಿ,
ಲೋಕಾಪುರದ ನನ್ನ ಅಂಗಡಿ ಕಟ್ಟಿ ಮ್ಯಾಲೆ
ಅಂಗೈಯಷ್ಟು ರೆಕಾರ್ಡರ್ ಇಟ್ಟು
ದನಿ ಹಿಡೀವಲ್ದು ನೋಡ್ರಿ ಕಾಕಾ, ಅಂದಳು.
ಯಾರ ದನಿಯವ್ವಾ?
ಹುಳದ್ದು.

ನಲವತ್ತು ವರ್ಷ ಮೈಕ್‌ಸೆಟ್ ಬಾಡಿಗಿ ಕೊಟ್ಟಾಂವ ನಾನು,
ಮದವಿಗೆ, ಎಲೆಕ್ಷನ್ನಿಗೆ, ಒಮ್ಮೆ
ಕಳದ ಎಮ್ಮಿ ಹುಡುಕಾಕ.
ಹುಳಕ್ಕಂತ ಯಾರೂ ಬಂದಿದ್ದಿಲ್ಲ.

ಬೆಸಗಿ ಬಿಟ್ಟಿತ್ತು, ಹಚ್ಚಿದೆ.
ನಿಂತೈತೋ ಇಲ್ಲೋ ನೋಡೂಣಂತ
ರಾತ್ರಿ ನಾನೂ ಹೋದೆ ಆಕಿ ಜೋಡಿ,
ಸುಣ್ಣಗಲ್ಲಿನ ಖಣಿ ದಾಟಿ, ಗುಡ್ಡದ ವಾರಿಗೆ,
ಕಂಟಿಯೊಳಗ, ಕೆಂಪು ಬ್ಯಾಟರಿ ಬೆಳಕಿನ್ಯಾಗ.

ತಿಳಿಹಸರು ಚಿಮ್ಮಂಡಿ,
ಉದ್ದ ಅಂದರ ಎರಡು ಗೋದಿಕಾಳು.
ಗಂಟಲಿಲ್ಲ ಅದಕ್ಕ,
ರೆಕ್ಕಿಗೆ ರೆಕ್ಕಿ ತಿಕ್ಕಿ ಕರೀತೈತಿ.
ದೊಡ್ಡ ಗಂಡಿನ ದನಿ ದೊಡ್ಡದು,
ಹೆಣ್ಣು ಅತ್ತ ನಡೀತೈತಿ, ಅಂದಳು ಡಾಕ್ಟರು.
ಇದು ಸಣ್ಣದು.

ಸಣ್ಣದು ಹಾಡಲಿಲ್ಲ ಮೊದಲಿಗೆ.
ಎಲಿಯ ನಡುವ ಕುಂತು ಬಾಯಿಂದ ಕತ್ತರಿಸ್ತು,
ಕತ್ತರಿಸ್ತು, ತಿರಿಗಿ ಅಳತಿ ನೋಡ್ತು, ಕತ್ತರಿಸ್ತು,
ಆಮ್ಯಾಲೆ ತೂತಿನ್ಯಾಗ ತಲಿ ಹಾಕಿ
ರೆಕ್ಕಿ ಎಲಿಗೆ ಸಮ ಮಾಡಿ
ಎಳೀತು ಒಂದು ದನಿ,
ನನ್ನ ಕಿವಿ ಹಿಂದಿನ ಕೂದಲಾ ನಿಂತವು.

ಮುಂದಿನ ಅಲಿ, ಹಿಂದಿನ ಅಲಿ ಅಂತ ಆಕಿ ಶುರು ಮಾಡಿದಳು.
ತಡಿ ತಂಗೀ, ಡಬ್ಬಿ ಇದು, ಡಬ್ಬಿ!
ಬರಿ ಸ್ಪೀಕರ್ ಟೇಬಲ್ ಮ್ಯಾಲಿಟ್ಟು ಬಾರಿಸಿದರ
ಮುಂದಿನ ದನಿ ಸುತ್ತಿಬಂದು ಹಿಂದಿನದ ತಿಂತೈತಿ,
ಎರಡೂ ಸಾಯ್ತಾವ.
ಹಲಗಿಗೆ ತೂತು ಕೊರದು ಕೂಡಿಸು,
ಡೋಲು ಎದಿಯಾಗ ಬಡೀತೈತಿ.
ಇಷ್ಟು ಕಲಸಾಕ ಮಿರಜಿನ ಉಸ್ತಾದ
ಎರಡು ವರ್ಷ ನನ್ನ ಕೈಲೆ ಚಹಾ ತರಿಸಿದ.
ಇದಕ್ಕ ಯಾರು ಕಲಿಸಿದರು?

ಆಕಿ ನಕ್ಕಳು. ಬರಕೊಂಡಳು.

ಹೆಣ್ಣು ಬಂತು. ಮೀಸಿ ಸವರಿತು, ಬೆನ್ನೇರಿತು.
ಡಾಕ್ಟರು ಗಡಿಯಾರ ಒತ್ತಿದಳು.
ದೊಡ್ಡ ಗಂಡಿನ ಹತ್ರ ಎಷ್ಟೊತ್ತೋ
ಇದರ ಹತ್ರಾನೂ ಹೆಚ್ಚುಕಮ್ಮಿ ಅಷ್ಟ.
ಮೋಸ ಹ್ವಾತೇನವ್ವಾ ಹೆಣ್ಣು, ಅಂದೆ.
ಮೋಸ ಅಂತ ಬರೀಬೇಕೋ ಬ್ಯಾಡೋ
ನಮ್ಮೊಳಗ ಇನ್ನೂ ಜಗಳ ಐತಿ ಕಾಕಾ.

ಹಿಂದಕ ಬರೂಮುಂದ ನಾನು ಮಾತಾಡಲಿಲ್ಲ.
ನನ್ನ ಗಂಟಲಾ ಹುಟ್ಟಿದಾಗಿಂದ ಎಳಿಯಷ್ಟು.
ಸಾಲ್ಯಾಗ ಹಾಜರಿ ಕೂಗಿದರ
ಮಾಸ್ತರ ಎರಡು ಸಲ ಗೈರು ಹಾಕಿದ್ದ.
ಬಡಿಗ್ಯಾರ ಮದವ್ಯಾಗ
ಹಲೋ ಹಲೋ ಮೈಕ್ ಟೆಸ್ಟಿಂಗ್, ಏಳು ಸಲ;
ಒಂದ ಸಾಕಿತ್ತು.
ಎರಡು ಓಣಿ ಆಚೆ ಖಾತೂನ
ಮೆಣಸಿನಕಾಯಿ ತುಂಬು ಬಿಡಿಸಾಕ ಹತ್ತಿದ್ದಳು.

ಮನಿಗಿ ಬಂದು ಕೇಳೇಬಿಟ್ಟೆ, ಈ ವಯಸ್ಸಿನ್ಯಾಗ.
ಗ್ವಾಡಿ ಕಡೆ ಮಾರಿ ಮಾಡಿಕೊಂಡ ಅಂದಳು:
ಅದು ನಿನ್ನ ದನಿ ಅಲ್ಲಂತ ಓಣಿಗೆಲ್ಲಾ ಗೊತ್ತಿತ್ತು.
ಅಷ್ಟು ದೊಡ್ಡ ಭೋಂಗಾ ಹೆಗಲಿಗಿಟ್ಟು
ಬಡಕ ಕಾಲಿಲೆ ಮಾಳಿಗಿ ಹತ್ತಿದ್ದೆಲ್ಲಾ,
ಅದನ್ನ ನೋಡಿದ್ದೆ.

ಕಿಸೇದಾಗ ಹುಳ ಬಿಟ್ಟುಹೋದ ಎಲಿ ಇತ್ತು,
ಡಾಕ್ಟರು ಕೊಟ್ಟಿದ್ದು.
ತೂತಿಗೆ ಕಣ್ಣು ಹಚ್ಚಿ ದೀಪ ನೋಡಿದಳು,
ನನ್ನೂ ನೋಡಿದಳು.
ಮುಂಜಾನೆ ಆಡಿಗೆ ಹಾಕು, ಅಂದು
ಮಕ್ಕೊಂಡಳು.