ಮರಳು ನಷ್ಟ

ಮಿಕ್ಸರ್ ಟೆಸ್ಟ್ ಮಾಡ್ತೀನಿ ಅಂದರೆ ಹಾಸನದಲ್ಲಿ
ಯಾರಾದರೊಬ್ಬರು ಮನೆಯಿಂದ ಜಾರು ತರುತ್ತಾರೆ.
ಹೋದ ವಾರ ಚಂದ್ರಕಲಾ ಆಂಟಿ ತಂದಿದ್ದರು,
ಹುಚ್ಚೆಳ್ಳು ಚಟ್ನಿ ಮೆತ್ತಿದ ಬ್ಲೇಡು.
ಬಿಗಿ ಮಾಡಿ ಕೊಟ್ಟೆ. ಕಾಸು ಕೇಳಲಿಲ್ಲ.

ನನ್ನ ಮಿಕ್ಸರ್ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು.
ಮೂರು ಬಾಯಿ, ಒಳಗೆ ನಾಲ್ಕು ಡಯೋಡು.
ಒಂದು ಬಾಯಿಗೆ ದೂರದಿಂದ ಬಂದ ಸಣ್ಣ ದನಿ,
ಇನ್ನೊಂದಕ್ಕೆ ಪಕ್ಕದಲ್ಲೇ ನಿಂತು
ಒಂದೇ ಸಮ ಕೂಗುವ ಆಸಿಲೇಟರು,
ಮೂರನೆಯದರಿಂದ ಹೊರಡುವುದು ಎರಡರ ಅಂತರ.

ಇಂಡಸ್ಟ್ರಿಯಲ್ ಎಸ್ಟೇಟಿನ ಕೊನೇ ಶೆಡ್ಡು ನಮ್ಮದು.
ಪಕ್ಕದ್ದರಲ್ಲಿ ಆಲೂಗಡ್ಡೆ ಚೀಲ ಹೊಲಿಯುವ ಮೆಷಿನ್ನು.
ಅನಲೈಸರ್ ಕಾಯಲು ಅರ್ಧ ಗಂಟೆ,
ನಡುವೆ ಕರೆಂಟು ಹೋಗದಿದ್ದರೆ.

ಆಮೇಲೆ ಅದಕ್ಕೆ ಪಾಠ ಹೇಳಬೇಕು:
ತೆರೆದ ತುದಿ, ಕಳಿಸಿದ್ದೆಲ್ಲ ಹಾಗೇ ವಾಪಸು.
ಶಾರ್ಟು, ಎಲ್ಲವೂ ವಾಪಸು, ತಲೆಕೆಳಗಾಗಿ.
ಐವತ್ತು ಓಮಿನ ಲೋಡು, ಏನೂ ಬರದು,
ಅಂದದ್ದೆಲ್ಲ ನುಂಗಿ ಕೂತ ನಮ್ಮ ಸಣ್ಣತ್ತೆಯ ಹಾಗೆ.
ಈ ಮೂವರನ್ನು ಕಂಡ ಮೇಲಷ್ಟೇ
ನಾಲ್ಕನೆಯವರ ಗುರುತು ಹತ್ತುವುದು.

ಕಳಿಸಿದ್ದೆಷ್ಟು, ಬಾಗಿಲಿಂದಲೇ ತಿರುಗಿ ಬಂದದ್ದೆಷ್ಟು,
ಆ ಲೆಕ್ಕದ ಹೆಸರು ರಿಟರ್ನ್ ಲಾಸ್.
ನಷ್ಟ ಹೆಚ್ಚಿದಷ್ಟೂ ಮಾಲು ಒಳ್ಳೆಯದು,
ಧರಣೇಂದ್ರಯ್ಯನವರಿಗೆ ಇವತ್ತಿಗೂ ಒಗ್ಗದ ವ್ಯಾಪಾರ.
ಬಿಲ್ಲಿನಲ್ಲಿ ಅವರೇ ಕನ್ನಡ ಮಾಡಿ
'ಮರಳು ನಷ್ಟ, ಇಪ್ಪತ್ತು' ಅಂತ ಬರೆದಿದ್ದರು.
ಆಡಿಟರ್ ಕೇಳಿದರು: ಯಾವ ಹೊಳೆಯದು, ಎಷ್ಟು ಲೋಡು?

ಸೋಮವಾರ ಟ್ರಂಕಿನಿಂದ ಆ ಇಪ್ಪತ್ತನ್ನು ತೆಗೆದೆವು.
ಎರಡು ವರ್ಷದ ಹಿಂದೆ ಫೇಲಾದವು,
ಬೆನ್ನಿಗೆ ಕೆಂಪು ಚೀಟಿ.
ಗುಜರಿಗೆ ಹೋಗುವ ಮುಂಚೆ
ಹೊಸ ಹುಡುಗಿ ಜಬೀನಾಳ ಕೈ ಪಳಗಲಿ ಅಂತ ಕೊಟ್ಟೆ.
ಎರಡು ಡಿಬಿ. ಎರಡೂವರೆ. ಎರಡು.
ಅರ್ಧಕ್ಕಿಂತ ಹೆಚ್ಚು ಮುಖಕ್ಕೇ ವಾಪಸು.
ನೋಡು, ಕೆಟ್ಟದ್ದು ಅಂದರೆ ಹೀಗಿರುತ್ತೆ, ಅಂದೆ.
ಅವಳು ಕೇಬಲ್ಲಿನುದ್ದಕ್ಕೂ ಬೆರಳಾಡಿಸಿಕೊಂಡು ಹೋಗಿ
ಕೇಳಿದಳು: ಅಕ್ಕಾ, ಆಸಿಲೇಟರ್ ಆನ್ ಮಾಡಲ್ವಾ?

ಕೂಗುವವನು ಕೂಗದೆ ಡಯೋಡು ಕಣ್ಣು ಬಿಡುವುದಿಲ್ಲ.
ಮಲಗಿದವರ ಮನೆ ಕದ ಬಡಿದು
ಈ ಮನೆಯವರಿಗೆ ಮರ್ಯಾದೆ ಗೊತ್ತಿಲ್ಲ
ಅಂತ ಬರೆದುಕೊಂಡು ಬಂದ ಹಾಗೆ.

ಏಳು ಡಿಬಿಎಂ ಕೊಟ್ಟಳು.
ಮೂರನೆಯ ಬಾಯಿಗೆ ಐವತ್ತರ ಮುಚ್ಚಳ ತಿರುವಿದಳು.
ಪರದೆಯ ಗೆರೆ
ಹಗ್ಗ ಸಡಿಲಿಸಿದ ಬಿಂದಿಗೆಯಂತೆ
ಕೆಳಗಿಳಿಯಿತು. ಹನ್ನೊಂದು. ಹನ್ನೆರಡು.
ನಡುವೆ ಒಂದು ಮುಳ್ಳು ಎದ್ದಿತ್ತು, ಬೆಚ್ಚಿದಳು.
ಅದು ಇದರದ್ದಲ್ಲ ಕಣೇ,
ಕೂಗುವವನ ದನಿ ಈ ಬಾಯಿಂದಲೂ ಸೋರುತ್ತೆ,
ಅಂತ ಹೇಳುತ್ತಲೇ ಚೀಟಿಯ ಸಹಿ ಓದಿದೆ.
ನೀಲಿ ಇಂಕು, ಆತುರದ ಓರೆ,
ಕೊನೆಯಕ್ಷರಕ್ಕೆ ಉದ್ದ ಬಾಲ.
ನನ್ನದೇ.

ಆ ವರ್ಷ ಲಾಟು ಕೆಟ್ಟಿತೆಂದು
ಬೆಸುಗೆಯ ಜಯಶೀಲಳ ಬೋನಸ್ಸು ಹಿಡಿದಿದ್ದರು.
ಅವಳು ಜಗಳ ಮಾಡಲಿಲ್ಲ. ಕಬ್ಬಿಣ ಆರಿಸಿ,
ಸ್ಪಂಜು ಹಿಂಡಿಟ್ಟು ಹೋದಳು.
ಅರಸೀಕೆರೆಯಲ್ಲಿ ಬಟ್ಟೆ ಹೊಲಿಯುತ್ತಾಳಂತೆ.

ಹದಿನೇಳನೆಯದು ಮಾತ್ರ ನಿಜಕ್ಕೂ ಕೆಟ್ಟಿತ್ತು.
ಎಷ್ಟು ಕೂಗಿಸಿದರೂ ಮೂರೇ ಡಿಬಿ.
ಅದನ್ನು ಅಂಗೈಲಿ ಹಿಡಿದು ಬಹಳ ಹೊತ್ತು ಕೂತೆ,
ನನ್ನ ಕಡೆಯ ಸಾಕ್ಷಿ ಅದೊಂದೇ ಅನ್ನುವಂತೆ.

ರಿಜಿಸ್ಟರಿನಲ್ಲಿ ಬರೆದೆ:
ಒಂದು ಬಿಟ್ಟು ಉಳಿದವು ಸರಿ. ತಪ್ಪು ಅಳತೆಯದು.
'ಅಳತೆಯದು' ಹೊಡೆದು 'ಅಳೆದವಳದು' ಮಾಡಿದೆ.
ಜಬೀನಾ ಕೆಂಪು ಚೀಟಿಗಳನ್ನು ಉಗುರಿನಲ್ಲಿ ಕೆರೆಯುತ್ತಿದ್ದಾಳೆ,
ಗೋಂದು ಬಿಡುತ್ತಿಲ್ಲ.

ಜಯಶೀಲಳ ನಂಬರು ತೆಗೆದಿಟ್ಟುಕೊಂಡಿದ್ದೇನೆ.
ಪಕ್ಕದ ಶೆಡ್ಡಿನ ಮೆಷಿನ್ನು ನಿಲ್ಲಲಿ
ಅಂತ ಕಾಯುತ್ತಿದ್ದೇನೆ.