ಯಾವ ವಿಳಾಸಕ್ಕೆ

ಶ್ರೀನಿವಾಸಪುರ. ಮಂಡಿಯ ಹಿಂದಿನ ಗೋದಾಮು.
ಖಾಲಿ ಕ್ರೇಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು
ಮೂರು ದಿನದಿಂದ ಒಂದೇ ಸಾಲು ಬರೆಯುತ್ತಿದ್ದೇನೆ.
ಹಣ್ಣು ಮಾರುವ ಮಾತು ನನಗೆ ಬರುತ್ತದೆ.
ಹೆಸರು ಕೇಳುವ ಮಾತು ಬರುತ್ತಿಲ್ಲ.

ಅಂಗೈಯಗಲದ ಒಂದು ಚೌಕ.
ಕಾಣದವರು ಯಾರೋ ಅದರೊಳಗೆ ತಮ್ಮ ಇಮೇಲ್ ಬರೆಯಬೇಕು.
ಬರೆಯಲಿ ಅಂತ ಅದರ ನೆತ್ತಿಯ ಮೇಲೆ ನಾನೇನು ಬರೆಯಲಿ?

"ಚಂದಾದಾರರಾಗಿ" ಅಂದೆ ಮೊದಲು.
ಸಹಕಾರ ಸಂಘದ ನೋಟೀಸಿನ ಹಾಗಿತ್ತು,
ಕೆಳಗೊಂದು ಮೊಹರು ಮಾತ್ರ ಬಾಕಿ.
"ತಪ್ಪಿಸಿಕೊಳ್ಳಬೇಡಿ" ಅಂದೆ.
ತಮ್ಮ ಚೌಡೇಶ ನಕ್ಕ: ಅಕ್ಕಾ, ನೀನೇನು ಪೊಲೀಸಾ?
"ಹತ್ತು ಪರ್ಸೆಂಟ್ ಕಡಿತ" ಅಂದ ರಾತ್ರಿ
ನಲವತ್ತೊಂದು ವಿಳಾಸ ಬಂದವು,
ಹದಿನೇಳು ಬರೀ ಎಬಿಸಿ ಅಟ್ ಎಬಿಸಿ.
ಕಡಿತ ಎತ್ತಿಕೊಂಡು ಹೆಸರು ಬಚ್ಚಿಟ್ಟು ಹೋದವರು.

ಇನ್ನೊಂದು ಮಾದರಿಯಲ್ಲಿ
ಒಲ್ಲೆನ್ನುವವರಿಗೂ ಸಾಲು ಹೊಸೆದಿದ್ದರು:
"ಬೇಡ, ನನಗೆ ಒಳ್ಳೆಯ ಹಣ್ಣು ಇಷ್ಟವಿಲ್ಲ."
ಹೊರಟವರ ಬೆನ್ನಿಗೆ ಕಲ್ಲು.
ಅಳಿಸಿ, "ಬೇಡ" ಅಂತಷ್ಟೇ ಉಳಿಸಿದೆ.
ಎರಡಕ್ಷರ. ಮರ್ಯಾದೆಗೆ ಅಷ್ಟು ಸಾಕು.

ಆಗ ನೆನಪಾದವರು ತಕ್ಕಡಿ ಬಾಬಾಜಾನ್ ಸಾಬರು.
ಅವರದೊಂದು ಕೆಂಪು ರಟ್ಟಿನ ಲೆಕ್ಕದ ಪುಸ್ತಕ.
ಹಿಂದಿನ ಹಾಳೆಗಳ ತುಂಬ ಊರೂರಿನ ಹೆಸರು:
ಮದನಪಲ್ಲಿಯ ಲಾರಿಯವರು, ಹೊಸೂರಿನ ಉಪ್ಪಿನಕಾಯಿಯವರು,
ಬಂಗಾರಪೇಟೆಯ ರೈಲಿಗೆ ಹೊರಟಿದ್ದ ಒಬ್ಬ ಟೀಚರು.
ಒಬ್ಬರನ್ನೂ ಬಂದೊಡನೆ ಕೇಳಿದವರಲ್ಲ.
ಬಾದಾಮಿಯ ಒಂದು ಕೆನ್ನೆ ಕೊಯ್ದು ಕೈಗಿಟ್ಟು
ತೂಕದ ಕಲ್ಲು ಒರೆಸುತ್ತ ಸುಮ್ಮನಿರುವರು,
ರಸ ಮೊಣಕೈಗೆ ಇಳಿಯುವವರೆಗೂ ಸುಮ್ಮನೆ.
ಆಮೇಲೆ: "ಯಾವೂರಾಯ್ತು ತಮ್ದು?"
ತಿಂದವರ ಕೈಯೆಲ್ಲ ಅಂಟು, ಪೆನ್ನು ಹಿಡಿಯೋದು ಹೇಗೆ,
"ನೀವೇ ಬರ್ಕೊಳ್ಳಿ ಸಾಬ್ರೆ."
ಕನ್ನಡದಲ್ಲಿ ಹೆಸರು, ತೆಲುಗಿನಲ್ಲಿ ಊರು,
ಪಕ್ಕಕ್ಕೆ ಉರ್ದುವಿನಲ್ಲಿ, ತಮಗಷ್ಟೇ ಗೊತ್ತಾಗುವಂತೆ:
ಹುಳಿ ಇಷ್ಟ. ನಾರು ಆಗದು. ಮಗಳ ಬಾಣಂತನ, ಜೂನ್.

ವರ್ಷಕ್ಕೆ ಒಂದೇ ಕಾರ್ಡು ಹಾಕುತ್ತಿದ್ದರು, ಹಣ್ಣಾದಾಗ.
ಹೂವೇ ಉದುರಿಹೋದ ವರ್ಷ
"ಈ ಸಲ ಇಲ್ಲ" ಅಂತ, ಅದೂ ಒಂದು ಕಾರ್ಡು.

ಚೌಕವನ್ನು ಹೊಸ್ತಿಲಿಂದ ಎತ್ತಿದೆ.
ಮರದ ವಯಸ್ಸು, ಕಾಯಿ ಮಾಗಿಸುವ ಹುಲ್ಲಿನ ಲೆಕ್ಕ,
ಕಳೆದ ವರ್ಷ ಕೊಳೆತುಹೋದ ಮೂರು ಬಾಕ್ಸಿನ ಕಥೆ,
ಇಷ್ಟೂ ಓದಿ ಮುಗಿಸಿದವರ ಕಾಲ ಬಳಿ ಇಟ್ಟೆ. ಬರೆದೆ:

"ಮಲ್ಲಿಕಾ ಹಣ್ಣಾದ ದಿನ ಒಂದು ಸಾಲು ಹಾಕುತ್ತೇನೆ.
ಆಮೇಲೆ ಬರುವ ವರ್ಷವೇ. ಯಾವ ವಿಳಾಸಕ್ಕೆ?"

ಗುಂಡಿಯ ಮೇಲೆ "ಸಲ್ಲಿಸಿ" ಅಂತಿತ್ತು.
ತಾಲ್ಲೂಕು ಕಚೇರಿಗೆ ಬಂದಿದ್ದಾರೆಯೇ ಪಾಪ?
"ಬರ್ಕೊಳ್ಳಿ" ಅಂತ ತಿದ್ದಿದೆ.

ಚೌಡೇಶ ಬೆಳಿಗ್ಗೆ ಎದ್ದು ಎಣಿಸುತ್ತಾನೆ.
ಆರು. ಇವತ್ತಿಗೆ ಒಂಬತ್ತು.
ನಲವತ್ತೊಂದೆಲ್ಲಿ, ಒಂಬತ್ತೆಲ್ಲಿ ಅಕ್ಕಾ!
ಒಂಬತ್ತನೆಯದು ಯಾರೋ ಇಂದುಬಾಯಿ,
ಹೆಸರಿಗೆ ಅಂಟಿಸಿದ ಹಾಗೆ ೧೯೫೧.
ಎಪ್ಪತ್ತು ದಾಟಿದ ಬೆರಳು
ಒಂದೊಂದೇ ಅಕ್ಷರ ಹುಡುಕಿ ಒತ್ತಿರಬೇಕು.

ಮಲ್ಲಿಕಾ ಇನ್ನೂ ನಿಂಬೆಯಷ್ಟೇ ಇದೆ.
ಕೈ ಕಡಿಯುತ್ತದೆ, ಏನಾದರೂ ಬರೆದುಬಿಡೋಣ ಅಂತ,
ಹಬ್ಬದ ಶುಭಾಶಯ, ನಿನ್ನೆಯ ಗಾಳಿ, ಏನಾದರೂ ಇಂದುಬಾಯಿಗೆ.
ಬರೆಯುವುದಿಲ್ಲ.
ಲ್ಯಾಪ್‌ಟಾಪ್ ಮುಚ್ಚಿ ಕ್ರೇಟು ತೊಳೆಯಲು ಹೋಗುತ್ತೇನೆ.