ಹಾರ್ನಿಗೊಂದು ಗುಳಿಗೆ

ಪರ್ಪೆತು ಆಂಟಿಯ ಗೋಡೆ ಗಡಿಯಾರ
ನಿಂತು ವರುಷವಾಯಿತು, ಮೂರೂ ಹತ್ತಕ್ಕೆ.
ಸೆಲ್ಲು ತರಲೇ ಅಂದರೆ ಬೇಡ:
'ಹೊತ್ತು ತಿಳಿದು ನನಗೇನಾಗಬೇಕು, ಸಿಸ್ಟರ್?'

ಇಂಥವಳ ಮಾತ್ರೆ ಕವರಿನ ಮೇಲೆ
ನಾನು ಬರೆದುಕೊಟ್ಟ ಸೂರ್ಯ
ಮೊದಲ ವಾರವೇ ಮುಳುಗಿದ.
ನೂರಾ ತೊಂಬತ್ತು, ಕೆಳಗೆ ನೂರಾ ಹತ್ತು.
ತೋಳಿನ ಪಟ್ಟಿ ಬಿಚ್ಚಿದಾಗ
ಗಾಳಿ ಉಸ್ಸೆಂದಿತು, ನಾನೂ.

'ತಲೆ ನೋಯುವುದಿಲ್ಲ, ಕಣ್ಣು ಮಂಜಿಲ್ಲ,
ಇಲ್ಲದ ರೋಗಕ್ಕೆ ದಿನಾ ಯಾಕೆ ಗುಳಿಗೆ?'
ಇದಕ್ಕೆ ನಾನು ಕಲಿತ ಉತ್ತರ ಇಂಗ್ಲಿಷಿನಲ್ಲಿದೆ,
ಕೊಂಕಣಿಯಲ್ಲಿ ತಡವರಿಸುತ್ತದೆ,
ಕನ್ನಡದಲ್ಲಿ
ಹಳಿಯಾಳದ ಮಂಚದ ಮೇಲೆ
ನನ್ನವ್ವನ ಬಲಗೈಯಾಗಿ
ಸುಮ್ಮನೆ ಬಿದ್ದಿದೆ.

ಅಷ್ಟರಲ್ಲಿ ಪೊಂಯ್ ಪೊಂಯ್.
ರಬ್ಬರು ಹಾರ್ನು, ಸೈಕಲ್ಲು,
ನೀಲಿ ಪ್ಲಾಸ್ಟಿಕ್ಕು ಹೊದ್ದ ಬುಟ್ಟಿ.
ಮಂಡಿನೋವಿನ ಆಂಟಿ ಗೇಟಿಗೆ ಓಡಿದಳು,
ನಾಲ್ಕು ಪೊಯಿ, ಎರಡು ಉಂಡೊ,
ಬಿಸಿ ಇದೆಯೋ ಎಂದು ಕೆನ್ನೆಗೊತ್ತಿ ನೋಡಿದಳು.

ನನಗೆ ಅಲ್ಲೇ ಹೊಳೆಯಿತು.

ಅಂದಿನಿಂದ ಶಿರದೋಣದ ನಮ್ಮ ವಾಡೆಯಲ್ಲಿ
ಗೇಟಿಗೆ ತೂಗುವ ಪಾವಿನ ಚೀಲಕ್ಕೆ
ಸೇಫ್ಟಿ ಪಿನ್ನಿನಲ್ಲಿ ಮಾತ್ರೆಯ ಪಟ್ಟಿ.
ಹಾರ್ನು ಕೇಳಿದರೆ ಒಂದು ಗುಳಿಗೆ, ಆಮೇಲೆ ಚಹಾ.
ಹದಿನಾಲ್ಕು ಮನೆ.
ಸೋಮವಾರಕ್ಕೊಮ್ಮೆ ಹೋಗಿ
ಗುಳಿಗೆ ಹೋಗಿ ಉಳಿದ ಗುಳಿಗಳನ್ನು
ಬೆರಳಲ್ಲಿ ಮುಟ್ಟಿ ಎಣಿಸುತ್ತೇನೆ.

ಉಪ್ಪಿನಾಗರದ ರುಕ್ಮಾ ಗಡೇಕರ ಹಿಮ್ಮಡಿ ತೋರಿಸುತ್ತಾಳೆ:
'ಉಪ್ಪು ಬಿಡು ಅಂತೀ,
ಉಪ್ಪು ನನ್ನ ಬಿಡಬೇಕಲ್ಲ?'
ಕ್ರಿಸ್ಪಿನಣ್ಣನ ಪಟ್ಟಿಯಲ್ಲಿ ಲೆಕ್ಕ ಸರಿ,
ಕ್ರೋಟನ್ ಕುಂಡದಲ್ಲಿ ಏಳು ಬಿಳಿ ಮಾತ್ರೆ.
'ಗಿಡದ ಬೀಪಿ ಚೆನ್ನಾಗಿದೆ' ಅಂದೆ.
ನಕ್ಕ. ಮರುದಿನದಿಂದ ನುಂಗಿದ,
ಇಲ್ಲವೇ ಬೇರೆ ಕುಂಡ ಹುಡುಕಿಕೊಂಡ.

ಒಂದು ಬುಧವಾರ ಹಾರ್ನು ಬರಲಿಲ್ಲ.

ಎಂಟೂವರೆಗೆ ಗೇಟುಗೇಟಿನಲ್ಲೂ ಖಾಲಿ ಚೀಲ,
ಪಿನ್ನಿನಲ್ಲಿ ಮುಟ್ಟದ ಪಟ್ಟಿ.
ಬೇಕರಿಯ ಹಿಂದೆ, ಮೈದಾ ಮೂಟೆಯ ಮೇಲೆ
ತಲೆ ಬಗ್ಗಿಸಿ ಕೂತಿದ್ದಾನೆ ಯಲಗೂರದಪ್ಪ,
ಮೂಗಿಗೊತ್ತಿದ ಟವೆಲು ಕೆಂಪು.
ಒಂಬತ್ತು ವರುಷ ಈ ಊರಿಗೆ ಬೆಳಗು ತಂದವನ ತೋಳಿಗೆ
ನಾನು ಒಮ್ಮೆಯೂ ಪಟ್ಟಿ ಸುತ್ತಿರಲಿಲ್ಲ.
ಸುತ್ತಿದೆ. ಎರಡುನೂರಾ ಎಂಟು.
ಓಡಿಸಿಕೊಂಡು ಹೋದೆವು ಬಾಂಬೋಳಿಗೆ,
ಬೇಕರಿಯ ಟೆಂಪೋದಲ್ಲಿ, ಹಿಟ್ಟಿನ ಧೂಳಿನಲ್ಲಿ.

'ಗುಳಿಗಿ ಕೊಟ್ಟಿದ್ರಕ್ಕಾರ, ಹೋದ ವರ್ಷ ಇಲ್ಲೇ.
ಬಿಟ್ಟೆ.'
ಯಾಕೆ?
ಬಹಳ ಹೊತ್ತು ಕಿಟಕಿಯಾಚೆ ನೋಡಿದ.
'ತಾಸಿಗೆ ಎರಡು ಸಲ ಒಂದಕ್ಕ ಹೋಗಬೇಕಾಕ್ಕಿತ್ರಿ.
ಬುಟ್ಟಿ ತುಂಬ ಪಾವು, ದಾರಿ ತುಂಬ ಮಂದಿ ಮನಿ,
ಸೈಕಲ್ ಎಲ್ಲಿ ನಿಲ್ಲಸ್ಲಿ?'
ಡಾಕ್ಟರಿಗೆ ಹೇಳಬೇಕಿತ್ತಲ್ಲೋ!
'ಹೆಣ್ಮಗಳದಾರ್ರೀ ಡಾಕ್ಟ್ರು.'

ನಾನು ಹೇಳಿದೆ, ಅವನೆದುರೇ.
ಡಾಕ್ಟರು ನಗಲಿಲ್ಲ,
ಚೀಟಿಯಲ್ಲಿ ಒಂದು ಹೆಸರು ಹೊಡೆದು
ಬೇರೊಂದು ಬರೆದರು.
ಅಷ್ಟೇ ಇದ್ದದ್ದು. ವರುಷದ ಗಂಟು, ಅರ್ಧ ನಿಮಿಷ.

ಈಗ ಮತ್ತೆ ಪೊಂಯ್ ಪೊಂಯ್.
ಗೇಟಿನಲ್ಲಿ ಪರ್ಪೆತು ಆಂಟಿ, ಕೈಯಲ್ಲಿ ಸ್ಟೀಲ್ ಲೋಟ.
ಅವನ ಪಟ್ಟಿಯೂ ಅವಳ ಚೀಲದಲ್ಲೇ, ಅದೇ ಪಿನ್ನಿನಲ್ಲಿ.
'ಪಯ್ಲೆಂ ತುಂ,' ಮೊದಲು ನೀನು,
ಅವನು ನುಂಗಿ ಬಾಯಿ ತೆರೆದು ತೋರಿಸುವವರೆಗೆ
ಪಾವಿನ ದುಡ್ಡು ಕೊಡಳು.

ಭಾನುವಾರ ಬೇಕರಿಯ ಒಲೆ ಆರಿರುತ್ತದೆ.
ಅಂದು ಅವನೂ ಅವಳೂ ಏನು ಮಾಡುತ್ತಾರೋ,
ನಾನು ಕೇಳಿಲ್ಲ.
ಸೋಮವಾರ ಹೋಗಬೇಕು,
ಗುಳಿ ಎಣಿಸಲಿಕ್ಕೆ.